ಹದಿಮೂರು ದಿನಗಳ ಅಂತರ: ಅಲೆಕ್ಸಾಂಡರ್ ಬಾರ್ಕೋವ್‌ನ ಮೊದಲ ವರ್ಷಗಳು

ಫಿನ್ಲೆಂಡಿನ ತಾಂಪೆರೆ ಮೂಲತಃ ಗಿರಣಿಗಳ ಊರು. ಎರಡು ಸರೋವರಗಳ ನಡುವೆ ಧುಮ್ಮಿಕ್ಕಿ ಹರಿಯುವ ನೀರಿನ ಬಲದಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಹತ್ತಿ ಗಿರಣಿಗಳು ಬೆಳೆದವು. ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಹೋಲಿಸಿ ಜನ ಆ ಊರನ್ನು ಕರೆಯುವುದೂ ಉಂಟು. ಅಲ್ಲಿಯ ಹಾಕಾಮೆತ್ಸಾ ಕ್ರೀಡಾಂಗಣ 1965ರಲ್ಲಿ ತೆರೆದಾಗ, ಚಾವಣಿಯಡಿ ಮಂಜುಗಡ್ಡೆ ಹಾಸಿದ ಆ ದೇಶದ ಮೊದಲ ಅಂಗಣ ಅದಾಗಿತ್ತು. ಒಂದೇ ಊರು, ಒಂದೇ ಅಂಗಣ, ಎರಡು ಬದ್ಧವೈರಿ ತಂಡಗಳು: ತಪ್ಪಾರಾ ಮತ್ತು ಇಲ್ವೆಸ್. ತಪ್ಪಾರಾ ಎಂದರೆ ಯುದ್ಧದ ಕೊಡಲಿ.

ಸೈಬೀರಿಯಾದ ನೊವೊಸಿಬಿರ್ಸ್ಕ್ ನಗರದ ಆಟಗಾರರೊಬ್ಬರು ಮಾಸ್ಕೋದ ಸ್ಪಾರ್ಟಕ್ ತಂಡದಲ್ಲಿ ಆಡಿ, ಅನಂತರ ಈ ತಪ್ಪಾರಾ ತಂಡವನ್ನು ಸೇರಿದರು. ಅವರ ಹೆಸರು ಅಲೆಕ್ಸಾಂಡರ್ ಬಾರ್ಕೋವ್. 1995ರ ಸೆಪ್ಟೆಂಬರ್ 2ರಂದು ತಾಂಪೆರೆಯಲ್ಲಿ ಹುಟ್ಟಿದ ಮಗನಿಗೂ ಅದೇ ಹೆಸರು. ಈ ಲೇಖನ ಆ ಮಗನನ್ನು ಕುರಿತದ್ದು.

ಮನೆಯ ಮಾತು ರಷ್ಯನ್. ಹೊಸ್ತಿಲು ದಾಟಿದರೆ ಫಿನ್ನಿಶ್. ಈ ಎರಡು ಭಾಷೆಗಳಿಗೆ ಯಾವ ರಕ್ತಸಂಬಂಧವೂ ಇಲ್ಲ. ಫಿನ್ನಿಶ್ ಎಸ್ಟೋನಿಯನ್ ಭಾಷೆಯ ಬಳಗದ್ದು. ಅದರ ನಾಮಪದಗಳಿಗೆ ಹದಿನೈದು ವಿಭಕ್ತಿಗಳು. ಫಿನ್ಲೆಂಡಿನ ಸಂವಿಧಾನದ 17ನೆಯ ವಿಧಿ ಫಿನ್ನಿಶ್ ಮತ್ತು ಸ್ವೀಡಿಶ್ ಎರಡನ್ನೂ ರಾಷ್ಟ್ರಭಾಷೆಗಳೆಂದು ಸಾರುತ್ತದೆ. ಜನಸಂಖ್ಯೆಯಲ್ಲಿ ಶೇಕಡಾ 5ರಷ್ಟೇ ಇರುವ ಸ್ವೀಡಿಶ್ ಭಾಷಿಕರಿಗೆ ಶಿಶುವಿಹಾರದಿಂದ ವಿಶ್ವವಿದ್ಯಾಲಯದವರೆಗೆ ತಮ್ಮದೇ ಮಾಧ್ಯಮದ ಸಂಸ್ಥೆಗಳಿವೆ. ಉಳಿದ ಭಾಷಾಸಮುದಾಯಗಳಿಗೆ ತಮ್ಮ ಭಾಷೆಯನ್ನು ಉಳಿಸಿ ಬೆಳೆಸಿಕೊಳ್ಳುವ ಹಕ್ಕನ್ನು ಅದೇ ವಿಧಿ ಮಾನ್ಯ ಮಾಡಿದೆ. ಆದರೆ ಅವರ ಮನೆಮಾತಿನ ಪಾಠವನ್ನು ಏರ್ಪಡಿಸಲೇಬೇಕೆಂಬ ಕಟ್ಟುಪಾಡು ಸ್ಥಳೀಯ ಆಡಳಿತಕ್ಕಿಲ್ಲ. ಏರ್ಪಡಿಸಿದಲ್ಲಿ, ಸಾಮಾನ್ಯವಾಗಿ ವಾರಕ್ಕೆ ಎರಡು ಗಂಟೆ. ಭಾರತ ಸಂವಿಧಾನದ 350ಎ ವಿಧಿಯನ್ನು ಕೈಯಲ್ಲಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದ ಪಾಲಕರಿಗೆ ಮಾನ್ಯತೆಗೂ ಏರ್ಪಾಡಿಗೂ ಇರುವ ಈ ದೂರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಬಾಲಕನಿಗಂತೂ ಎರಡೂ ಭಾಷೆಗಳು ಉಳಿದವು. ಮುಂದೆ ಮೂರನೆಯದಾಗಿ ಇಂಗ್ಲಿಷ್ ಸೇರಿತು.

ಐಸ್ ಹಾಕಿಯನ್ನು ನೋಡದವರಿಗೆ ಎರಡು ಮಾತು. ಚೆಂಡಿನ ಬದಲು ರಬ್ಬರಿನ ಚಪ್ಪಟೆ ಬಿಲ್ಲೆ; ಅದಕ್ಕೆ ಪಕ್ ಎಂದು ಹೆಸರು. ಗೋಲಿಯೂ ಸೇರಿ ಒಂದು ತಂಡದ ಆರು ಮಂದಿ ಅಂಗಣದಲ್ಲಿರುತ್ತಾರೆ. ಇಪ್ಪತ್ತು ನಿಮಿಷಗಳ ಮೂರು ಸರದಿ. ಆಟಗಾರರು ಮುಕ್ಕಾಲು ನಿಮಿಷದ ಆಸುಪಾಸು ಓಡಿ ಹೊರಬರುತ್ತಾರೆ, ಬೇರೆಯವರು ಇಳಿಯುತ್ತಾರೆ. ಮುಂಪಡೆಯ ಮೂವರಲ್ಲಿ ನಡುವಿನವನು ಸೆಂಟರ್. ಎದುರಾಳಿಯ ಗೋಲಿನ ಮುಂದೆ ದಾಳಿ ಕಟ್ಟುವವನೂ ಅವನೇ, ಮರುಗಳಿಗೆಯಲ್ಲಿ ಹಿಂದಕ್ಕೋಡಿ ತನ್ನ ಗೋಲನ್ನು ಕಾಯಲು ನೆರವಾಗಬೇಕಾದವನೂ ಅವನೇ. ಬಾರ್ಕೋವ್ ಸೆಂಟರ್ ಆಟಗಾರ. ಆತನ ಕೀರ್ತಿ ಅರ್ಧಕ್ಕರ್ಧ ಈ ಎರಡನೆಯ, ಕಣ್ಣಿಗೆ ಬೀಳದ ಕೆಲಸದಿಂದಲೇ ಬಂದದ್ದು.

2011ರ ಅಕ್ಟೋಬರ್ 1ರಂದು, ಹದಿನಾರು ತುಂಬಿ ಇನ್ನೂ ಒಂದು ತಿಂಗಳು ಕಳೆದಿರಲಿಲ್ಲ. ತಪ್ಪಾರಾದ ಹಿರಿಯರ ತಂಡದಲ್ಲಿ ಆಡಿದ ಬಾರ್ಕೋವ್, ದೇಶದ ಅಗ್ರ ಲೀಗಿನ ಇತಿಹಾಸದಲ್ಲೇ ಅಂಕ ಗಳಿಸಿದ ಅತಿ ಕಿರಿಯನೆನಿಸಿದ. ಆ ಋತುವಿನ 32 ಪಂದ್ಯಗಳಲ್ಲಿ 7 ಗೋಲು, 9 ನೆರವು. ಮರುವರ್ಷ 53 ಪಂದ್ಯಗಳಲ್ಲಿ 21 ಗೋಲು, 27 ನೆರವು. ಮೂವತ್ತು ದಾಟಿದ ಗಟ್ಟಿಗರ ನಡುವೆ ಹದಿನೇಳರ ಹುಡುಗ ತಂಡದ ಆಧಾರವಾಗಿ ನಿಂತಿದ್ದ. ತಪ್ಪಾರಾ ಅಂತಿಮ ಸುತ್ತನ್ನು ತಲುಪಿ ಆಸ್ಸಾತ್ ತಂಡಕ್ಕೆ ಸೋತಿತು. ಅದಕ್ಕೂ ಮೊದಲೇ ಭುಜಕ್ಕೆ ಪೆಟ್ಟು ಬಿದ್ದು ಬಾರ್ಕೋವ್ ಹೊರಗುಳಿದಿದ್ದ, ಶಸ್ತ್ರಚಿಕಿತ್ಸೆಯೂ ಆಯಿತು.

ಇಲ್ಲಿ ಪಂಚಾಂಗದ ಮಾತು ಬರುತ್ತದೆ. ಅಮೆರಿಕ, ಕೆನಡಾಗಳ ನ್ಯಾಷನಲ್ ಹಾಕಿ ಲೀಗ್ ಪ್ರತಿವರ್ಷ ಡ್ರಾಫ್ಟ್ ಎಂಬ ಆಯ್ಕೆಯನ್ನು ನಡೆಸುತ್ತದೆ. ಆ ವರ್ಷದ ಸೆಪ್ಟೆಂಬರ್ 15ರೊಳಗೆ ಹದಿನೆಂಟು ತುಂಬುವವರು ಅದಕ್ಕೆ ಅರ್ಹರು. ಬಾರ್ಕೋವ್‌ನ ಜನ್ಮದಿನಕ್ಕೂ ಗಡುವಿಗೂ ನಡುವೆ ಇದ್ದದ್ದು ಹದಿಮೂರೇ ದಿನ. ಎರಡು ವಾರ ತಡವಾಗಿ ಹುಟ್ಟಿದ್ದರೆ ಇಡೀ ಒಂದು ವರ್ಷ ಕಾಯಬೇಕಿತ್ತು. ಒಂದನೆಯ ತರಗತಿಯ ಪ್ರವೇಶಕ್ಕಾಗಿ ಜನ್ಮ ಪ್ರಮಾಣಪತ್ರ ಹಿಡಿದು ವಾದಿಸಿದವರಿಗೆ ಈ ಲೆಕ್ಕ ಪರಿಚಿತವೇ. ಹೀಗೆ 2013ರ ಡ್ರಾಫ್ಟಿನ ಅತ್ಯಂತ ಕಿರಿಯರಲ್ಲಿ ಒಬ್ಬನಾಗಿ, ಭುಜ ಇನ್ನೂ ಮಾಗುತ್ತಿದ್ದಾಗಲೇ, ಆತ ಕಣಕ್ಕೆ ಬಂದ.

ಡ್ರಾಫ್ಟ್ ಎಂಬುದು ಕಾನೂನಿನ ಕಣ್ಣಿಗೆ ವಿಚಿತ್ರ ವಸ್ತು. ಕರಾರೆಂದರೆ ಉಭಯರ ಮುಕ್ತ ಸಮ್ಮತಿ ಎಂಬುದು ಮೊದಲ ಪಾಠ. ಇಲ್ಲಿಯಾದರೋ ತಂಡಗಳು (2013ರಲ್ಲಿ ಮೂವತ್ತು) ಸರದಿಯಂತೆ ಹುಡುಗರನ್ನು ಹೆಸರಿಸುತ್ತವೆ. ಹೆಸರಿಸಲ್ಪಟ್ಟವನು ಆ ಲೀಗಿನಲ್ಲಿ ಆಡಬೇಕೆಂದರೆ ಆ ತಂಡದೊಡನೆಯೇ ಮಾತಾಡಬೇಕು. ಆಟಗಾರರ ಸಂಘವೇ ಲೀಗಿನೊಡನೆ ಸಾಮೂಹಿಕ ಒಪ್ಪಂದದಲ್ಲಿ ಇದಕ್ಕೆ ಸಹಿ ಹಾಕಿದೆ. ವ್ಯವಸ್ಥೆ ನಿಂತಿರುವುದು ಆ ಸಹಿಯ ಬಲದ ಮೇಲೆ. ಸಹಿ ಹಾಕಿದವರು ಆಗಲೇ ಲೀಗಿನ ಒಳಗಿದ್ದವರು, ಬಾಧಿತರು ಇನ್ನೂ ಹೊರಗಿದ್ದ ಹದಿಹರೆಯದವರು. ಇದು ಅನ್ಯಾಯವೆಂದು ಒಂದೇ ಏಟಿಗೆ ಹೇಳಲಾಗದು. ದುರ್ಬಲ ತಂಡಕ್ಕೆ ಒಳ್ಳೆಯ ಆಟಗಾರ ಸಿಗುವ ದಾರಿ ಅದು. ಆದರೆ ಹುಡುಗನ ಸಮ್ಮತಿಗೆ ಅಲ್ಲಿ ದೊಡ್ಡ ತೂಕವಿಲ್ಲ.

2013ರ ಜೂನ್ 30ರಂದು ನೆವಾರ್ಕ್ ನಗರದಲ್ಲಿ ಮೊದಲ ಹೆಸರು ಕೆನಡಾದ ನೇಥನ್ ಮೆಕಿನನ್, ಎರಡನೆಯದು ಬಾರ್ಕೋವ್. ಆರಿಸಿದ್ದು ಫ್ಲಾರಿಡಾ ಪ್ಯಾಂಥರ್ಸ್, ಹಿಂದಿನ ಋತುವಿನಲ್ಲಿ ಕೊನೆಯ ಸ್ಥಾನಕ್ಕೆ ಕುಸಿದಿದ್ದ ತಂಡ. 2002ರಲ್ಲಿ ಕರಿ ಲೆಹ್ತೊನೆನ್‌ಗೂ ಇದೇ ಎರಡನೆಯ ಸ್ಥಾನ ದೊರೆತಿತ್ತು, ಮುಂದೆ 2016ರಲ್ಲಿ ತಾಂಪೆರೆಯವನೇ ಆದ ಪಾಟ್ರಿಕ್ ಲೈನೆಗೂ ಅದೇ. ಫಿನ್ಲೆಂಡಿನ ಯಾರನ್ನೂ ಮೊದಲನೆಯವನಾಗಿ ಕರೆದದ್ದಿಲ್ಲ.

ಹಿಮದ ನಾಡಿನ ಹುಡುಗ ತಾಳೆಮರಗಳ ಕರಾವಳಿಗೆ ಬಂದ. ಹೊಸಬನ ಕರಾರು ಮೂರು ವರ್ಷದ್ದು. ಮೂಲ ವೇತನಕ್ಕೆ ಆಗ ವರ್ಷಕ್ಕೆ 9,25,000 ಡಾಲರಿನ ಮಿತಿಯಿತ್ತು. ಹದಿನೆಂಟರ ಹರೆಯದವನು ಹತ್ತು ಪಂದ್ಯಗಳಿಗಿಂತ ಕಡಿಮೆ ಆಡಿದರೆ ಕರಾರಿನ ಅವಧಿ ಆ ವರ್ಷ ಆರಂಭವಾಗುವುದೇ ಇಲ್ಲ. ಆದ್ದರಿಂದ ಒಂಬತ್ತು ಪಂದ್ಯ ಆಡಿಸಿ ಮನೆಗೆ ಕಳಿಸುವ ತಂಡಗಳೂ ಉಂಟು. ಪ್ಯಾಂಥರ್ಸ್ ಹಾಗೆ ಮಾಡಲಿಲ್ಲ. ಅಕ್ಟೋಬರ್ 3ರಂದು ಡಲ್ಲಾಸ್ ವಿರುದ್ಧ, 18 ವರ್ಷ 31 ದಿನಗಳ ವಯಸ್ಸಿನಲ್ಲಿ, ತನ್ನ ಮೊದಲ ಪಂದ್ಯದಲ್ಲೇ ಆತ ಗೋಲು ಹೊಡೆದ. ಹಲವು ದಶಕಗಳಲ್ಲಿ ಅಷ್ಟು ಎಳೆಯ ವಯಸ್ಸಿನವನ ಗೋಲನ್ನು ಆ ಲೀಗ್ ಕಂಡಿರಲಿಲ್ಲ.

ನಾಲ್ಕು ತಿಂಗಳ ಬಳಿಕ ರಷ್ಯಾದ ಸೋಚಿಯಲ್ಲಿ ಚಳಿಗಾಲದ ಒಲಿಂಪಿಕ್ಸ್. ಎರಡೂ ದೇಶಗಳ ಪೌರತ್ವವುಳ್ಳ ಹುಡುಗ ಫಿನ್ಲೆಂಡಿನ ಅಂಗಿ ತೊಟ್ಟು ತಂದೆತಾಯಿಯರ ನಾಡಿನಲ್ಲಿ ಇಳಿದ. ಹಿಂದಿನ ವರ್ಷವೂ ಉಫಾ ನಗರದ ಕಿರಿಯರ ವಿಶ್ವಕೂಟದಲ್ಲಿ ಹೀಗೆಯೇ ಆಗಿತ್ತು. ಸೋಚಿಯ ತಂಡದಲ್ಲಿ ತೇಮು ಸೆಲಾನೆಗೆ 43 ವರ್ಷ, ಬಾರ್ಕೋವ್‌ಗೆ 18. ಆದರೆ ನಾರ್ವೆ ವಿರುದ್ಧದ ಎರಡನೆಯ ಪಂದ್ಯದಲ್ಲಿ ಮೊಣಕಾಲಿಗೆ ಪೆಟ್ಟು. ಒಲಿಂಪಿಕ್ಸ್ ಮಾತ್ರವಲ್ಲ, ಇಡೀ ಋತುವೇ ಅಲ್ಲಿಗೆ ಮುಗಿಯಿತು. ಕ್ವಾರ್ಟರ್ ಫೈನಲ್‌ನಲ್ಲಿ ಫಿನ್ಲೆಂಡ್ ಆತಿಥೇಯ ರಷ್ಯಾವನ್ನು 3–1ರಿಂದ ಸೋಲಿಸಿ, ಮುಂದೆ ಅಮೆರಿಕವನ್ನು 5–0ರಿಂದ ಬಗ್ಗುಬಡಿದು ಕಂಚು ಗೆದ್ದಿತು. ಆ ಎರಡೂ ದಿನ ಆತ ಅಂಗಣದಲ್ಲಿರಲಿಲ್ಲ.

ಮೊದಲ ಋತುವಿನ ಲೆಕ್ಕ 54 ಪಂದ್ಯ, 8 ಗೋಲು. ಎರಡನೆಯದರಲ್ಲಿ 16. ಭುಜ, ಮೊಣಕಾಲು ಎರಡೂ ಕೈಕೊಟ್ಟ ಇಪ್ಪತ್ತರೊಳಗಿನ ಹುಡುಗನ ಬಗ್ಗೆ ಆತುರದ ತೀರ್ಪು ಕೊಡಲು ಈ ಅಂಕಿಗಳು ಸಾಕಾಗುತ್ತಿದ್ದವು. ಕೊಡದಿದ್ದುದು ತಂಡದ ಜಾಣತನ. ಮೂರನೆಯ ಋತುವಿನಲ್ಲಿ 28 ಗೋಲು. ಆ ಋತುವಿನ ನಡುವೆಯೇ, 2016ರ ಜನವರಿಯಲ್ಲಿ, ಆರು ವರ್ಷಕ್ಕೆ 3.54 ಕೋಟಿ ಡಾಲರಿನ ಹೊಸ ಕರಾರು. 2018ರ ಸೆಪ್ಟೆಂಬರಿನಲ್ಲಿ, ಇಪ್ಪತ್ತಮೂರರ ವಯಸ್ಸಿನಲ್ಲಿ, ನಾಯಕತ್ವ. ನಾಯಕನಾದ ಮೊದಲ ಋತುವಿನಲ್ಲಿ 96 ಅಂಕ, ಒಟ್ಟು ದಂಡ ಎಂಟೇ ನಿಮಿಷ. ಹೊಡೆದಾಟಕ್ಕೆ ಹೆಸರಾದ ಆಟದಲ್ಲಿ ಎಂಟು ನಿಮಿಷವೆಂದರೆ ಬಹಳ ಕಡಿಮೆ. ಸಭ್ಯ ಆಟಕ್ಕೆ ಮೀಸಲಾದ ಲೇಡಿ ಬಿಂಗ್ ಪಾರಿತೋಷಕ ಆ ವರ್ಷ ಆತನಿಗೆ ಬಂತು. ರಕ್ಷಣೆಯಲ್ಲಿ ಮೇಲಾದ ಮುಂಪಡೆಯ ಆಟಗಾರನಿಗೆ ಕೊಡುವ ಸೆಲ್ಕಿ ಪಾರಿತೋಷಕ 2021ರಲ್ಲಿ.

2024ರ ಜೂನ್ 24ರಂದು ಎಡ್ಮಂಟನ್ ತಂಡವನ್ನು ಏಳನೆಯ ಪಂದ್ಯದಲ್ಲಿ 2–1ರಿಂದ ಸೋಲಿಸಿ ಪ್ಯಾಂಥರ್ಸ್ ಮೊದಲ ಬಾರಿಗೆ ಸ್ಟ್ಯಾನ್ಲಿ ಕಪ್ ಗೆದ್ದಿತು. ಫಿನ್ಲೆಂಡಿನ ನಾಯಕನೊಬ್ಬ ಅದನ್ನು ಎತ್ತಿದ್ದು ಅದೇ ಮೊದಲು. ನಾಯಕ ಕಪ್ಪನ್ನು ಮೊದಲು ಪಡೆದು, ತಾನು ಬಯಸಿದ ಒಬ್ಬನಿಗೆ ದಾಟಿಸುವುದು ರೂಢಿ. ಬಾರ್ಕೋವ್ ದಾಟಿಸಿದ್ದು ಗೋಲಿ ಸೆರ್ಗೆಯ್ ಬೊಬ್ರೊವ್‌ಸ್ಕಿಗೆ. ಆತನೂ ಸೈಬೀರಿಯಾದ ನೊವೊಕುಜ್ನೆತ್ಸ್ಕ್ ನಗರದಿಂದ ಬಂದವನು.