ಮಳೆ, ಬಿಸಿಲಿನ ನಕ್ಷೆಯಲ್ಲಿ ಹುಲ್ಲಿನ ಜಾಗ

ಅಮೆರಿಕದ ನೆಬ್ರಾಸ್ಕದ ಬಯಲಿನಲ್ಲಿ, 1890ರ ದಶಕದ ಕೊನೆಯ ಹೊತ್ತಿಗೆ, ಇಬ್ಬರು ತರುಣರು ಐದು ಮೀಟರಿನ ಚೌಕ ಗುರುತು ಮಾಡಿಕೊಂಡು ಅದರೊಳಗಿನ ಗಿಡಗಳನ್ನು ಒಂದೊಂದಾಗಿ ಎಣಿಸಿದರು. ಯಾವ ಗಿಡ ಹೇರಳ, ಯಾವುದು ವಿರಳ ಎಂಬ ಕಣ್ಣಂದಾಜು ಎಷ್ಟು ತಪ್ಪಿರುತ್ತದೆ ಎಂಬುದು ಆ ಎಣಿಕೆಯಲ್ಲಿ ಬಯಲಾಯಿತು. ಒಬ್ಬರು ರಾಸ್ಕೋ ಪೌಂಡ್, ಮುಂದೆ ಹಾರ್ವರ್ಡ್ ಕಾನೂನು ಶಾಲೆಯ ಡೀನ್ ಆದರು. ಇನ್ನೊಬ್ಬರು ಫ್ರೆಡೆರಿಕ್ ಕ್ಲೆಮೆಂಟ್ಸ್. ಒಂದು ಹವಾಮಾನಕ್ಕೆ ಒಗ್ಗಿದ ದೊಡ್ಡ ಜೀವಸಮುದಾಯವನ್ನು ಸೂಚಿಸುವ ‘ಬಯೋಮ್’ ಎಂಬ ಪದವನ್ನು 1916ರಲ್ಲಿ ಪರಿಸರ ವಿಜ್ಞಾನಕ್ಕೆ ತಂದವರು ಅವರೇ.

ಮೂಲ ಯೋಚನೆ ಇನ್ನೂ ಹಳೆಯದು. 1802ರಲ್ಲಿ ಚಿಂಬೊರಾಸೊ ಪರ್ವತ ಹತ್ತಿದ ನಿಸರ್ಗವಿಜ್ಞಾನಿ ಹಂಬೋಲ್ಟ್, ಎತ್ತರಕ್ಕೆ ಹೋದಂತೆ ಸಸ್ಯಗಳು ಪಟ್ಟಿಪಟ್ಟಿಯಾಗಿ ಬದಲಾಗುವುದನ್ನು ಚಿತ್ರವಾಗಿಸಿದ್ದರು. ಕ್ಲೆಮೆಂಟ್ಸ್ ಅದಕ್ಕೆ ಗಟ್ಟಿಯಾದ ಸಿದ್ಧಾಂತ ಕೊಟ್ಟರು: ಒಂದು ಪ್ರದೇಶದ ಹವಾಮಾನವೇ ಅಲ್ಲಿ ಕೊನೆಗೆ ನಿಲ್ಲುವ ಸಸ್ಯಸಮುದಾಯವನ್ನು ನಿರ್ಧರಿಸುತ್ತದೆ. ಪ್ರಾಣಿಗಳನ್ನು ಬಿಟ್ಟರೆ ಚಿತ್ರ ಅರ್ಧವೇ ಎಂದು ನಂಬಿದ್ದ ವಿಕ್ಟರ್ ಶೆಲ್ಫರ್ಡ್ ಜೊತೆ 1939ರಲ್ಲಿ ಪುಸ್ತಕವನ್ನೇ ಬರೆದರು. ಅಷ್ಟರಲ್ಲಿ ಬ್ರಿಟನ್ನಿನ ಆರ್ಥರ್ ಟ್ಯಾನ್ಸ್ಲಿ ಈ ಸಿದ್ಧಾಂತವನ್ನು ಪ್ರಶ್ನಿಸಿ ಆಗಿತ್ತು.

ಎಲ್ಲ ಪಠ್ಯಪುಸ್ತಕಗಳಿಗೂ ಹೋದ ಚಿತ್ರ ರಾಬರ್ಟ್ ವಿಟೇಕರ್ ಅವರದು. 1970ರ ದಶಕದ ಆ ನಕ್ಷೆಯಲ್ಲಿ ಒಂದು ಬದಿಗೆ ಸರಾಸರಿ ಉಷ್ಣಾಂಶ, ಇನ್ನೊಂದು ಬದಿಗೆ ವಾರ್ಷಿಕ ಮಳೆ. ಎರಡೂ ಗೊತ್ತಿದ್ದರೆ ಅಲ್ಲಿ ಮಳೆಕಾಡೋ ಮರುಭೂಮಿಯೋ ಹೇಳಿಬಿಡಬಹುದು. ನಮ್ಮಲ್ಲೂ ಅದು ನಿಜ: 7,000 ಮಿ.ಮೀ. ದಾಟುವ ಆಗುಂಬೆಯಲ್ಲಿ ನಿತ್ಯಹರಿದ್ವರ್ಣದ ಕಾಡು, 600 ಮಿ.ಮೀ. ಆಸುಪಾಸಿನ ಚಿತ್ರದುರ್ಗದ ಕಡೆ ಹುಲ್ಲು, ಕುರುಚಲು. ಆದರೆ ನಕ್ಷೆಯ ನಡುವೆ ವಿಟೇಕರ್ ಒಂದು ತುಂಡುಗೆರೆ ಎಳೆದಿದ್ದರು. ಅದರೊಳಗೆ ಹುಲ್ಲೂ ಇರಬಹುದು, ಮರವೂ ಇರಬಹುದು. ಹವಾಮಾನವೊಂದೇ ತೀರ್ಪು ಕೊಡಲಾರದು. ಇಡೀ ನಕ್ಷೆಯಲ್ಲಿ ನನಗೆ ಮುಖ್ಯವೆನಿಸುವುದು ಈ ಗೆರೆಯೇ.

ಅದರೊಳಗಿನ ಕಥೆ ಬಿಚ್ಚಿಕೊಂಡಿದ್ದು ತಡವಾಗಿ. 2005ರಲ್ಲಿ ಮಹೇಶ್ ಶಂಕರನ್ ಮತ್ತು ಸಂಗಡಿಗರು ಆಫ್ರಿಕದ 854 ಸವಾನ್ನಾ (ಹುಲ್ಲಿನ ನಡುವೆ ಮರಗಳಿರುವ ಬಯಲು) ತಾಣಗಳ ಮಾಹಿತಿ ಒಟ್ಟುಗೂಡಿಸಿ ನೋಡಿದರು. ವರ್ಷಕ್ಕೆ ಸುಮಾರು 650 ಮಿ.ಮೀ.ಗಿಂತ ಕಡಿಮೆ ಮಳೆಯಾಗುವಲ್ಲಿ ಮರಗಳಿಗೆ ಮಳೆಯೇ ಮಿತಿ. ಅದಕ್ಕೂ ಹೆಚ್ಚಿರುವಲ್ಲಿ ಕಾಡು ಮುಚ್ಚಿಕೊಳ್ಳದಂತೆ ತಡೆಯುವುದು ಬೆಂಕಿ ಮತ್ತು ಮೇಯುವ ಪ್ರಾಣಿಗಳು. ಅದೇ ವರ್ಷ ವಿಲಿಯಂ ಬಾಂಡ್ ತಂಡ ಕಂಪ್ಯೂಟರ್ ಮಾದರಿಯಲ್ಲಿ ಬೆಂಕಿಯನ್ನು ತೆಗೆದುಹಾಕಿತು. ಜಗತ್ತಿನ ಸಸ್ಯಾವೃತ ಭಾಗದಲ್ಲಿ ದಟ್ಟ ಕಾಡಿನ ಪಾಲು ಶೇ 27ರಿಂದ 56ಕ್ಕೆ ಏರಿತು!

ಸವಾನ್ನಾ ಗಿಡಗಳನ್ನು ಹತ್ತಿರದಿಂದ ನೋಡಿದರೆ ಬೆಂಕಿಯ ಜೊತೆಗಿನ ಹಳೆಯ ಒಡನಾಟ ಕಾಣುತ್ತದೆ. ಹುಲ್ಲಿನ ಮೊಗ್ಗುಗಳು ನೆಲಮಟ್ಟದಲ್ಲೋ ಮಣ್ಣೊಳಗೋ ಅಡಗಿರುತ್ತವೆ. ಮೇಲಿನದು ಸುಟ್ಟುಹೋದರೂ ಒಂದು ಮಳೆಗೆ ಚಿಗುರು. ಮರದ ಸಸಿ ಬೇರಿನಲ್ಲಿ ಪಿಷ್ಟ ಕೂಡಿಟ್ಟು, ಸುಟ್ಟಾಗಲೆಲ್ಲ ಬುಡದಿಂದ ಚಿಗುರೊಡೆಯುತ್ತದೆ. ತೊಗಟೆ ದಪ್ಪಗಾಗಿ, ತುದಿ ಜ್ವಾಲೆಗೆ ಎಟುಕದಷ್ಟು ಎತ್ತರಕ್ಕೆ ಹೋದ ವರ್ಷ ಅದು ಗೆಲ್ಲುತ್ತದೆ. ಮನುಷ್ಯ ಕೆಡಿಸಿದ ಕಾಡಿನ ಲಕ್ಷಣಗಳಲ್ಲ ಇವು.

ನಮ್ಮ ಅರಣ್ಯಶಾಸ್ತ್ರ ಹಾಗೆ ನೋಡಲಿಲ್ಲ. ಹ್ಯಾರಿ ಚಾಂಪಿಯನ್ 1936ರಲ್ಲಿ ಮಾಡಿ, 1968ರಲ್ಲಿ ಎಸ್.ಕೆ. ಸೇಠ್ ಜೊತೆ ಪರಿಷ್ಕರಿಸಿದ ವರ್ಗೀಕರಣದಲ್ಲಿ ಇಂಥ ಎಷ್ಟೋ ನೆಲ ಎಲೆಯುದುರುವ ಕಾಡಿನ ಶಿಥಿಲ ರೂಪವೆಂದೇ ದಾಖಲಾಯಿತು. ಶಿಥಿಲ ಎಂದಮೇಲೆ ಗಿಡ ನೆಡುವುದೇ ಮದ್ದು. ಕೃಷ್ಣಮೃಗಕ್ಕೆಂದು 1974ರಲ್ಲಿ ಘೋಷಿಸಿದ ರಾಣೆಬೆನ್ನೂರು ಅಭಯಾರಣ್ಯದ ಬಹುಭಾಗ ಇವತ್ತು ನೀಲಗಿರಿ ತೋಪು. ತೆರೆದ ಬಯಲಲ್ಲಿ, ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುವ ಎರ್ಲಡ್ಡು ಹಕ್ಕಿ ಅಲ್ಲಿಂದ ಮರೆಯಾಯಿತು. ರಾಜ್ಯದಲ್ಲಿ ಅದರ ಕೊನೆಯ ಆಸರೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಸುತ್ತಮುತ್ತ.

ಈ ಲೆಕ್ಕವನ್ನು ತಿದ್ದುವ ಕೆಲಸಕ್ಕೆ ಬೆಂಗಳೂರಿನದೂ ಪಾಲಿದೆ. ಇಲ್ಲಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಜಯಶ್ರೀ ರತ್ನಂ ಮತ್ತು ಸಹಲೇಖಕರು 2011ರಲ್ಲಿ ಸರಳವಾದ ಒರೆಗಲ್ಲು ಮುಂದಿಟ್ಟರು: ಮರ ಎಷ್ಟಿವೆ ಎಂದು ಎಣಿಸುವ ಮೊದಲು ಅವುಗಳ ಕೆಳಗೆ ನೋಡಿ, ಬಿಸಿಲು ಬೇಡುವ ಸಿ4 ಹುಲ್ಲು ಹಾಸಿದ್ದರೆ ಅದು ಸವಾನ್ನಾ. ನಮ್ಮ ಕಾವಲುಗಳಲ್ಲಿ ಗುಂಡಿ ತೋಡುವ ಮುನ್ನ ಅಷ್ಟನ್ನಾದರೂ ಬಗ್ಗಿ ನೋಡಲೇಬೇಕು.