ಮತದಾರರ ಪಟ್ಟಿಯ ಪುಟ ತಿರುವುವಾಗ ಕಾಣೆಯಾದ ಅರ್ಧ ಬೂತ್

ಕಳೆದ ತಿಂಗಳು ಕುಣಿಗಲ್‌ನಿಂದ ಸ್ವಯಂಸೇವಕಿಯೊಬ್ಬಳು ಫೋನ್ ಮಾಡಿದಳು. ‘ಅಣ್ಣಾ, ಬೂತ್ ಮುಗೀತು ಅಂತ ಆ್ಯಪ್ ತೋರಿಸ್ತಿದೆ. ಆದ್ರೆ ನಮ್ಮ ಪಕ್ಕದ ಬೀದಿಯೇ ಬರ್ಲಿಲ್ಲ.’

ತುಮಕೂರಿನ ನಾವು ನಾಲ್ಕೈದು ಸ್ನೇಹಿತರು ಮತದಾರರ ಪಟ್ಟಿ ಪರಿಶೀಲನೆಗೆ ಒಂದು ಸಣ್ಣ ವೆಬ್ ಆ್ಯಪ್ ಮಾಡಿದ್ದೆವು. ಮನೆ ಮನೆಗೆ ಹೋಗಿ ಪ್ರತಿ ಹೆಸರಿಗೂ ಟಿಪ್ಪಣಿ ಹಾಕಬೇಕು: ಇದ್ದಾರೆ, ತೀರಿಕೊಂಡಿದ್ದಾರೆ, ಬೆಂಗಳೂರಿಗೆ ಹೋಗಿದ್ದಾರೆ. ಗುಬ್ಬಿಯವರೂ ಇದನ್ನೇ ಬಳಸಿದ್ದರು, ಅಲ್ಲಿಂದ ದೂರೇನೂ ಬಂದಿರಲಿಲ್ಲ. ಅಲ್ಲೂ ಅರ್ಧ ಬಿಟ್ಟುಹೋಗಿದೆ ಅಂತ ಆಮೇಲೆ ಗೊತ್ತಾಯ್ತು.

ತಪ್ಪು ನಾನು ಬರೆದ ಪೇಜಿನೇಷನ್‌ನದ್ದು. ಒಂದು ಬೂತ್‌ನಲ್ಲಿ ಸಾವಿರಕ್ಕೂ ಹೆಚ್ಚು ಹೆಸರಿರಬಹುದು. ಹಳೇ ಫೋನಿಗೆ ಎಲ್ಲವನ್ನೂ ಒಟ್ಟಿಗೆ ಕಳಿಸಿದರೆ ಅದು ಒದ್ದಾಡುತ್ತದೆ. ಚುನಾವಣಾ ಆಯೋಗದ ಪಿಡಿಎಫ್‌ನಲ್ಲಿ ಪುಟಕ್ಕೆ 30 ಹೆಸರು, ಪಕ್ಷಗಳ ‘ಪೇಜ್ ಪ್ರಮುಖ್’ ಲೆಕ್ಕಾಚಾರ ನಿಂತಿರೋದೂ ಆ ಪುಟದ ಮೇಲೇ. ಹಾಗಾಗಿ ನಾನೂ 30 ಅಂತಲೇ ಇಟ್ಟೆ.

ಡೇಟಾಬೇಸ್‌ಗೆ ಹೇಳಿದ್ದು ಇಷ್ಟು: ಟಿಪ್ಪಣಿ ಬಾಕಿ ಇರುವವರನ್ನು ಮಾತ್ರ ತೆಗೆದುಕೋ, ಎರಡನೇ ಪುಟ ಕೇಳಿದರೆ ಮೊದಲ 30 ಬಿಟ್ಟು ಮುಂದಿನ 30 ಕೊಡು. ಇದಕ್ಕೆ ಆಫ್‌ಸೆಟ್ ಅಂತಾರೆ. ನೋಡೋಕೆ ಸರಿಯಾಗೇ ಇದೆ. ಆದರೆ ಅವಳು ಮೊದಲ ಪುಟದ 30 ಜನಕ್ಕೆ ಟಿಪ್ಪಣಿ ಹಾಕಿದ ಕೂಡಲೇ ಅವರು ‘ಬಾಕಿ’ ಪಟ್ಟಿಯಿಂದ ಹೊರಗೆ ಹೋದರು. 31ರಿಂದ 60ರವರೆಗಿನವರು ಮೇಲೆ ಸರಿದು ಹೊಸ ಮೊದಲ ಪುಟವಾದರು. ಎರಡನೇ ಪುಟ ಒತ್ತಿದಾಗ ಬಂದದ್ದು 61ರಿಂದ 90. ಹೀಗೆ ಒಂದು ಬಿಟ್ಟು ಒಂದು. 1,200 ಹೆಸರಿನ ಬೂತ್‌ನಲ್ಲಿ 20 ಪುಟ ಮುಗಿಸಿ 21ನೆಯದು ಒತ್ತಿದರೆ ಖಾಲಿ. 600 ಜನರನ್ನು ಯಾರೂ ನೋಡಿಯೇ ಇಲ್ಲ.

ಇದಕ್ಕಿಂತ ನನ್ನ ನಿದ್ದೆ ಕೆಡಿಸಿದ್ದು ಇನ್ನೊಂದು. ನಮ್ಮ ವರದಿಯಲ್ಲಿ ಟಿಪ್ಪಣಿ ಇಲ್ಲದವರೆಲ್ಲ ‘ಸಿಗಲಿಲ್ಲ’ ಅಂತ ಅಚ್ಚಾಗುತ್ತಿದ್ದರು. ಅದು ಯಾರದ್ದೋ ಕೈಗೆ ಸಿಕ್ಕಿ, ಹೆಸರು ತೆಗೆಯಿರಿ ಅನ್ನುವ ಫಾರಂ 7 ಆಗಲು ಎಷ್ಟು ಹೊತ್ತು? ಕಲಬುರಗಿಯ ಆಳಂದದಲ್ಲಿ 2023ರ ಚುನಾವಣೆಗೆ ಮುಂಚೆ ಅಂಥ 6,018 ಅರ್ಜಿ ಬಂದಿದ್ದವು, ಪರಿಶೀಲಿಸಿದಾಗ ಸರಿಯಿದ್ದದ್ದು 24. ಅದೇ ವರ್ಷ ಜಯನಗರದಲ್ಲಿ ಗೆಲುವಿನ ಅಂತರ 16 ಮತ, ಅಂದರೆ ಅರ್ಧ ಪುಟ ಚಿಲ್ಲರೆ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಧ್ರುವನಾರಾಯಣ ಗೆದ್ದದ್ದು ಒಂದೇ ಮತದಿಂದ.

ಪರಿಹಾರ ಕಷ್ಟದ್ದಲ್ಲ. ‘ಎಷ್ಟು ಬಿಡಬೇಕು’ ಅಂತ ಕೇಳುವ ಬದಲು ‘ಯಾರ ನಂತರ’ ಅಂತ ಕೇಳಬೇಕು. ಕೊನೆಗೆ ನೋಡಿದ್ದು ಕ್ರಮಸಂಖ್ಯೆ 30 ಆದರೆ, 30ಕ್ಕಿಂತ ದೊಡ್ಡ ಸಂಖ್ಯೆಯ ಮೊದಲ 30 ಹೆಸರು ಕೊಡು. ಓದಿ ನಿಲ್ಲಿಸಿದ ಕಡೆ ಬೆರಳಿಟ್ಟುಕೊಂಡ ಹಾಗೆ. ಹಿಂದಿನವರು ಪಟ್ಟಿಯಿಂದ ಹೋದರೂ ಬೆರಳು ಅಲುಗಲ್ಲ. ಇದು ಕರ್ಸರ್ ವಿಧಾನ. ಇಂಡೆಕ್ಸ್ ಇದ್ದರೆ ವೇಗವೂ ಹೆಚ್ಚು, ಯಾಕಂದ್ರೆ ಆಫ್‌ಸೆಟ್‌ನಲ್ಲಿ ಬಿಡಬೇಕಾದ ಸಾಲುಗಳನ್ನೂ ಡೇಟಾಬೇಸ್ ಎಣಿಸಿಯೇ ಬಿಡಬೇಕು. ನಷ್ಟ ಒಂದಿದೆ: ನೇರವಾಗಿ 17ನೇ ಪುಟಕ್ಕೆ ಹಾರೋಕಾಗಲ್ಲ. ಮನೆ ಮನೆ ಸುತ್ತುವವರಿಗೆ ಅದು ಬೇಕಾಗಿಯೂ ಇಲ್ಲ.

ಬೆರಳಿಡುವ ಜಾಗ ಮಾತ್ರ ಒಂದೇ ಇರಬೇಕು. ಕ್ರಮಸಂಖ್ಯೆ 30 ಪ್ರತಿ ಬೂತ್‌ನಲ್ಲೂ ಇದೆ. ಹಾಗಾಗಿ ಕ್ಷೇತ್ರದ ಸಂಖ್ಯೆ (ಕುಣಿಗಲ್ 131, ತುಮಕೂರು ನಗರ 132, ಗುಬ್ಬಿ 135), ಭಾಗದ ಸಂಖ್ಯೆ, ಕ್ರಮಸಂಖ್ಯೆ ಮೂರನ್ನೂ ಸೇರಿಸಿ ಹಿಡಿದೆವು.

ಕಾಗದದ ಪಟ್ಟಿಗೆ ಈ ಜಾಣತನ ಮೊದಲಿಂದ ಇದೆ ನೋಡಿ. ಅಲ್ಲಿ ತೆಗೆದ ಹೆಸರು ಮಾಯವಾಗಲ್ಲ, ಅದರ ಮೇಲೆ ರದ್ದಾಗಿದೆ ಅನ್ನುವ ಗುರುತು ಬೀಳುತ್ತದೆ. ಹೊಸಬರು ಪೂರಕ ಪಟ್ಟಿಯಲ್ಲಿ ಕೊನೆಗೆ ಸೇರುತ್ತಾರೆ. ಇಂಜಿನಿಯರಿಂಗ್ ಓದಿದ ನಾನು ಅದನ್ನು ಒಮ್ಮೆ ಸರಿಯಾಗಿ ನೋಡಿದ್ದರೆ ಸಾಕಿತ್ತು.

ವರದಿಯಲ್ಲಿ ಈಗ ‘ಸಿಗಲಿಲ್ಲ’ ಬೇರೆ, ‘ಇನ್ನೂ ಹೋಗಿಲ್ಲ’ ಬೇರೆ. ಗುಬ್ಬಿಯವರು ಈ ಭಾನುವಾರ ಕ್ರಮಸಂಖ್ಯೆ 31ರ ಮನೆಯಿಂದ ಮತ್ತೆ ಶುರು ಮಾಡ್ತಿದ್ದಾರೆ. ನಾನೂ ಹೋಗ್ತಿದ್ದೀನಿ, ಈ ಸಲ ಕೈಯಲ್ಲಿ ಕಾಗದದ ಪ್ರತಿಯೂ ಇರುತ್ತೆ.