ಮರಗೆಲಸದ ಯಂತ್ರಕ್ಕೆ ಧೂಳು ಹೀರುವ ಹೋಸು: ಆಯ್ಕೆ ಹೇಗೆ?

ಸಿಲ್ವರ್ ಓಕ್, ಹಲಸು, ಮತ್ತಿ ಮುಂತಾದ ಮರಗಳನ್ನು ತೋಟದ ಶೆಡ್ಡಿನಲ್ಲೇ ಕೊಯ್ದು ಬಾಗಿಲು, ಕಿಟಕಿ, ರೀಪು ಮಾಡಿಸಿಕೊಳ್ಳುವ ಸದಸ್ಯರು ನಮ್ಮಲ್ಲಿ ಅನೇಕರಿದ್ದಾರೆ. ಉಜ್ಜುಗೊರಡಿನ ಕಾಲದಲ್ಲಿ ಸುರುಳಿ ಸಿಪ್ಪೆ ಕಾಲ ಬುಡದಲ್ಲಿ ಬೀಳುತ್ತಿತ್ತು. ವಿದ್ಯುತ್ ಗರಗಸ, ಪ್ಲೇನರ್, ಸ್ಯಾಂಡರ್ ಬಂದ ಮೇಲೆ ಹಿಟ್ಟಿನಂಥ ಧೂಳು ಗಾಳಿಯಲ್ಲಿ ತೇಲತೊಡಗಿದೆ.

ಇದು ಬರೀ ಕಸಗುಡಿಸುವ ತೊಂದರೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1995ರಲ್ಲಿ ಮರದ ಧೂಳನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಮುಖ್ಯವಾಗಿ ಮೂಗಿನ ಒಳಭಾಗಕ್ಕೆ ಅಪಾಯ. ಬೀಟೆಯ ಧೂಳು ಕೆಲವರಿಗೆ ಚರ್ಮದ ತುರಿಕೆಯನ್ನೂ ಉಂಟುಮಾಡುತ್ತದೆ. ಯಂತ್ರದ ಮುಂದೆ ದಿನವಿಡೀ ನಿಲ್ಲುವವರು ನಮ್ಮ ಮಕ್ಕಳು, ಇಲ್ಲವೇ ನಮ್ಮನ್ನು ನಂಬಿ ಬಂದ ಆಳುಗಳು.

ಆದ್ದರಿಂದ ಧೂಳು ಹೀರುವ ಯಂತ್ರ ಕೊಳ್ಳುವವರು ಹೆಚ್ಚುತ್ತಿರುವುದು ಸಂತೋಷದ ವಿಷಯ. ಆದರೆ ಯಂತ್ರಕ್ಕೆ ಸಾವಿರಾರು ರೂಪಾಯಿ ಕೊಟ್ಟು, ಹೋಸನ್ನು ಕೈಗೆ ಸಿಕ್ಕಿದ್ದರಲ್ಲಿ ಮುಗಿಸಿದರೆ ಹಾಕಿದ ಹಣವೆಲ್ಲ ವ್ಯರ್ಥ.

ಎರಡು ಬಗೆಯ ಯಂತ್ರ, ಎರಡು ಬಗೆಯ ಹೋಸು

ನೀರಾವರಿ ಪಂಪಿನ ಅನುಭವ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕೆಲವು ಪಂಪು ನೀರನ್ನು ಬಹಳ ಎತ್ತರಕ್ಕೆ ಏರಿಸುತ್ತದೆ, ಪ್ರಮಾಣ ಕಡಿಮೆ. ಇನ್ನು ಕೆಲವು ಹೇರಳ ನೀರು ಹರಿಸುತ್ತದೆ, ಎತ್ತರಕ್ಕೆ ಏರಿಸಲಾರದು. ಧೂಳಿನ ಯಂತ್ರವೂ ಹಾಗೆಯೇ. ವ್ಯಾಕ್ಯೂಮ್ ಕ್ಲೀನರಿಗೆ ಎಳೆತ ಹೆಚ್ಚು, ಗಾಳಿ ಕಡಿಮೆ. ಚೀಲ ಕಟ್ಟಿದ ಬ್ಲೋವರಿಗೆ ಗಾಳಿ ಹೆಚ್ಚು, ಎಳೆತ ಕಡಿಮೆ.

ಕೈಯಲ್ಲಿ ಹಿಡಿಯುವ ಸ್ಯಾಂಡರಿಗೆ ವ್ಯಾಕ್ಯೂಮ್ ಕ್ಲೀನರೂ 27ರಿಂದ 32 ಮಿ.ಮೀ. ಒಳವ್ಯಾಸದ ಹೋಸೂ ಸರಿ. ಕೈ ಗರಗಸ ಮತ್ತು ಕೈ ಪ್ಲೇನರಿನಿಂದ ಚಕ್ಕೆಯೂ ಬರುವುದರಿಂದ 36 ಮಿ.ಮೀ. ಉತ್ತಮ. ನೆಲದ ಮೇಲೆ ನಿಂತಿರುವ ದೊಡ್ಡ ಪ್ಲೇನರ್, ಮೇಜು ಗರಗಸಗಳಿಗೆ ಬ್ಲೋವರೂ 100 ಮಿ.ಮೀ., ಎಂದರೆ ನಾಲ್ಕು ಇಂಚಿನ ಹೋಸೂ ಬೇಕು.

ಇವೆರಡನ್ನೂ ಅದಲುಬದಲು ಮಾಡಬಾರದು. ಮರದ ಹೊಟ್ಟು ಕೊಳವೆಯಲ್ಲಿ ಕೂರದೆ ಸಾಗಲು ಗಾಳಿ ನಿಮಿಷಕ್ಕೆ ಸುಮಾರು 4,000 ಅಡಿ ವೇಗದಲ್ಲಿ ಹರಿಯಬೇಕು. ನಾಲ್ಕು ಇಂಚಿನ ಹೋಸಿನಲ್ಲಿ ಈ ವೇಗಕ್ಕೆ ನಿಮಿಷಕ್ಕೆ ಸುಮಾರು 350 ಘನ ಅಡಿ ಗಾಳಿ ಬೇಕು. ಸಣ್ಣ ವ್ಯಾಕ್ಯೂಮ್ ಕ್ಲೀನರ್ ಅಷ್ಟು ಎಳೆಯಲಾರದು. ನಿಧಾನವಾದ ಕಾಲುವೆಯಲ್ಲಿ ಹೂಳು ಕೂರುವಂತೆ ಹೋಸಿನಲ್ಲಿ ಹೊಟ್ಟು ಕೂರುತ್ತದೆ. ಬ್ಲೋವರಿಗೆ ಎರಡು ಇಂಚಿನ ಹೋಸು ಹಾಕಿದರೋ, ಅಡ್ಡಳತೆ ಅರ್ಧವಾದಾಗ ಗಾಳಿಯ ದಾರಿ ಕಾಲುಭಾಗಕ್ಕೆ ಇಳಿಯುತ್ತದೆ. ಮೋಟಾರು ಸದ್ದು ಮಾಡುತ್ತದೆ, ಧೂಳು ಮಾತ್ರ ಶೆಡ್ಡಿನಲ್ಲೇ ಉಳಿಯುತ್ತದೆ.

ಉದ್ದ ಮತ್ತು ಒಳಮೈ

ಒಳಗೆ ಏರುತಗ್ಗಿರುವ ಹೋಸು ನುಣುಪಾದ ಕೊಳವೆಗಿಂತ ಎರಡು ಮೂರು ಪಟ್ಟು ಹೆಚ್ಚು ತಡೆ ಒಡ್ಡುತ್ತದೆ. ದೂರ ಹೆಚ್ಚಿದ್ದರೆ ನಾವೆಲ್ಲ ಬಲ್ಲ ಗಟ್ಟಿ ಪಿವಿಸಿ ಪೈಪನ್ನೇ ಎಳೆದು, ಕೊನೆಯ ಮೂರು ನಾಲ್ಕು ಅಡಿಗೆ ಮಾತ್ರ ಹೋಸು ಬಳಸಿರಿ. ತಿರುವುಗಳು ಕಡಿಮೆಯಿರಲಿ, ಇದ್ದವು ಅಗಲವಾಗಿರಲಿ.

ಪಂಪಿಗೆ ಹಾಕುವ ಹಸಿರು ಸಕ್ಷನ್ ಹೋಸು ಆದೀತೇ ಎಂದು ಸದಸ್ಯರು ಕೇಳುವುದುಂಟು. ಒಳಮೈ ನುಣುಪಾಗಿದ್ದು ಎಳೆತಕ್ಕೆ ಕುಗ್ಗದ ಕಾರಣ, ಅಲುಗದ ಯಂತ್ರಕ್ಕೆ ಆಗುತ್ತದೆ. ಕೈ ಯಂತ್ರಕ್ಕೆ ಅದು ಭಾರ ಮತ್ತು ಬಿಗಿ. ಚಪ್ಪಟೆಯಾಗಿ ಸುತ್ತುವ ಡೆಲಿವರಿ ಹೋಸು ಎಳೆದ ಕ್ಷಣವೇ ಅಂಟಿಕೊಳ್ಳುವುದರಿಂದ ಯಾವುದಕ್ಕೂ ಆಗದು.

ಪಿವಿಸಿ ಹೋಸು ಅಗ್ಗ. ಆದರೆ ಚಳಿಗೆ ಸೆಟೆಯುತ್ತದೆ, ಬಿಸಿಲಿಗೆ ಸೀಳುತ್ತದೆ. ಪಾಲಿಯುರೆಥೇನ್ ಹೋಸಿನ ಬೆಲೆ ಹೆಚ್ಚು. ಚಕ್ಕೆಯ ಸವೆತವನ್ನು ತಡೆದು ಬಹುಕಾಲ ಬಾಳುತ್ತದೆ. ನಿತ್ಯ ಬಳಸುವವರಿಗೆ ಇದೇ ಲಾಭ. ಕೆಲಸವಿಲ್ಲದಾಗ ಸುತ್ತಿ ಎತ್ತರದಲ್ಲಿ ತೂಗುಹಾಕದಿದ್ದರೆ ಎರಡೂ ಇಲಿಯ ಪಾಲು.

ಮರೆಯಬಾರದ ವಿಷಯಗಳು

ಅಂಗಡಿಗೆ ಹೋಗುವಾಗ ಯಂತ್ರದ ಧೂಳಿನ ಬಾಯಿಯನ್ನು ಒಳಗೂ ಹೊರಗೂ ಅಳೆದುಕೊಳ್ಳಿರಿ. ಆದರೆ ಯಂತ್ರವನ್ನೇ ಒಯ್ಯಿರಿ. ಜೋಡಣೆಯಲ್ಲಿ ಗಾಳಿ ಸೋರಿದರೆ ಎಳೆತ ಹೋದಂತೆಯೇ. ಕ್ಲಿಪ್ಪು ಬಿಗಿಯಿರಿ, ತಾತ್ಕಾಲಿಕವಾಗಿ ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯೂ ನಡೆದೀತು.

ಒಣಹವೆಯಲ್ಲಿ ಪ್ಲಾಸ್ಟಿಕ್ ಹೋಸಿನಿಂದ ಕೈಗೆ ಚುರುಕ್ಕೆಂದು ಷಾಕ್ ತಗಲುವುದುಂಟು. ಅಷ್ಟಕ್ಕೇ ಬೆಚ್ಚಿ ಕೈ ಬ್ಲೇಡಿನತ್ತ ಸರಿದರೆ ಅನಾಹುತ. ಆಂಟಿಸ್ಟ್ಯಾಟಿಕ್ ಹೋಸು ಇದನ್ನು ತಡೆಯುತ್ತದೆ. ಅದಕ್ಕೆ ಹೊಂದುವ ವ್ಯಾಕ್ಯೂಮ್ ಕ್ಲೀನರೂ ಸರಿಯಾದ ಅರ್ಥಿಂಗೂ ಇದ್ದರೆ ಮಾತ್ರ.

ಕತ್ತಿ, ಗುದ್ದಲಿ ಹರಿತ ಮಾಡುವ ಗ್ರೈಂಡರಿಗೆ ಮರದ ಹೊಟ್ಟಿನ ಹೋಸನ್ನು ಎಂದೂ ಜೋಡಿಸಬೇಡಿರಿ. ಒಂದು ಕಿಡಿ ಚೀಲದ ಹೊಟ್ಟಿನೊಳಗೆ ಗಂಟೆಗಟ್ಟಲೆ ಕನಲುತ್ತಿದ್ದು, ಎಲ್ಲರೂ ಮಲಗಿದ ಮೇಲೆ ಶೆಡ್ಡನ್ನೇ ಸುಟ್ಟೀತು.

ಎಲ್ಲ ಜೋಡಿಸಿದ ಮೇಲೆ, ಗರಗಸ ನಿಲ್ಲಿಸಿ ಪ್ಲಗ್ ಕಿತ್ತು, ಹೀರುವ ಯಂತ್ರವನ್ನು ಮಾತ್ರ ಓಡಿಸಿ, ಹೋಸಿನ ಬಾಯಿಗೆ ಒಂದು ಹಿಡಿ ಒಣ ಹೊಟ್ಟು ಹಿಡಿಯಿರಿ. ತಡೆಯಿಲ್ಲದೆ ಸಾಗಿ ಚೀಲ ಸೇರಿದರೆ ಆಯ್ಕೆ ಸರಿಯಾಗಿದೆ. ಆದರೂ ಸಣ್ಣ ಧೂಳು ಒಂದಿಷ್ಟು ತಪ್ಪಿಸಿಕೊಳ್ಳುತ್ತದೆ. ಎನ್-95 ಮುಖಗವಸು ಬಿಡಬಾರದು.

ಒಂದೇ ಊರಿನ ನಾಲ್ಕಾರು ಸದಸ್ಯರು ಅಳತೆ ಹೊಂದಿಸಿಕೊಂಡು ಪೂರ್ಣ ಸುರುಳಿಯನ್ನೇ ಕೊಂಡು ಹಂಚಿಕೊಂಡರೆ, ಬಿಡಿಯಾಗಿ ಕೊಳ್ಳುವುದಕ್ಕಿಂತ ಅನುಕೂಲ. ಸಹಕಾರವೆಂದರೆ ಇಂಥ ಸಣ್ಣ ಕೆಲಸಗಳೂ ಸೇರಿಯೇ ಎಂದು ನಾವು ಭಾವಿಸುತ್ತೇವೆ.